ಗಡಿಯಾರ ಮೌನವಾಗಿದ್ದ ದಿನ: ಫುಟ್ಬಾಲ್ ತೀರ್ಪಿನಲ್ಲಿ ಯಂತ್ರ ಮತ್ತು ಮನುಷ್ಯ



ಆಟ ಮುಗಿದ ಮೇಲೆ ಗೆದ್ದವರೂ ಸೋತವರೂ ಕೈಕುಲುಕಿ ಮನೆಗೆ ಹೋಗಬೇಕಾದರೆ, ಒಬ್ಬ ವ್ಯಕ್ತಿಯ ಮಾತಿನಲ್ಲಿ ಇಬ್ಬರಿಗೂ ನಂಬಿಕೆ ಇರಬೇಕು. ಅವನೇ ರೆಫರಿ. ಶಾಲೆಯ ಬಯಲಿನಲ್ಲೋ ಊರಿನ ಸೆವೆನ್ಸ್ ಪಂದ್ಯಾಟದಲ್ಲೋ ಚೆಂಡು ಗೋಲಿನ ಗೆರೆ ದಾಟಿತೇ ಇಲ್ಲವೇ ಎಂಬ ಒಂದೇ ಪ್ರಶ್ನೆಗೆ ಆಟ ನಿಂತು, ಜಗಳ ಹತ್ತಿ, ಹಿರಿಯರು ನಡುವೆ ಬರಬೇಕಾದ ಸಂದರ್ಭಗಳನ್ನು ನಿಮ್ಮಲ್ಲಿ ಅನೇಕರು ಕಂಡಿರಬಹುದು. ಇಂಥ ಜಗಳ ವಿಶ್ವಕಪ್ಪಿನ ಅಂತಿಮ ಪಂದ್ಯದಲ್ಲೂ ನಡೆದಿದೆ.

ಇದನ್ನು ಕೊನೆಗಾಣಿಸಲು ಫುಟ್ಬಾಲ್ ಜಗತ್ತು ಎರಡು ಉಪಾಯಗಳನ್ನು ಕಂಡುಕೊಂಡಿತು. ಒಂದು, ಚೆಂಡು ಗೆರೆ ದಾಟಿದ್ದನ್ನು ತಾನೇ ಗುರುತಿಸಿ ರೆಫರಿಗೆ ತಿಳಿಸುವ ಸ್ವಯಂಚಾಲಿತ ಯಂತ್ರ. ಇನ್ನೊಂದು, ವಿಡಿಯೊ ದೃಶ್ಯಗಳನ್ನು ಮತ್ತೆ ನೋಡಿ ರೆಫರಿಯ ತಪ್ಪನ್ನು ತಿದ್ದುವ ಸಹಾಯಕ ರೆಫರಿ. ಎರಡೂ ಒಳ್ಳೆಯ ಉದ್ದೇಶದಿಂದಲೇ ಬಂದವು. ಆದರೆ ಯಂತ್ರ ಒಂದು ಹೇಳಿ, ವಿಡಿಯೊ ಇನ್ನೊಂದು ತೋರಿಸಿದರೆ ಯಾರ ಮಾತು ನಡೆಯಬೇಕು? ಈ ಪ್ರಶ್ನೆಗೆ ಉತ್ತರವನ್ನು ಮೊದಲೇ ಬರೆದಿಡದಿದ್ದರೆ ಏನಾಗುತ್ತದೆ? ಈ ಲೇಖನದಲ್ಲಿ ಆ ಇತಿಹಾಸವನ್ನು ನಿಮ್ಮ ಮುಂದಿಡುತ್ತಿದ್ದೇನೆ.

ಒಬ್ಬ ಲೈನ್ಸ್‌ಮನ್‌ನ ಕಣ್ಣು

1966ರ ಜುಲೈ 30. ಲಂಡನ್ನಿನ ವೆಂಬ್ಲಿ ಮೈದಾನದಲ್ಲಿ ಇಂಗ್ಲೆಂಡ್ ಮತ್ತು ಪಶ್ಚಿಮ ಜರ್ಮನಿಗಳ ನಡುವೆ ವಿಶ್ವಕಪ್ ಅಂತಿಮ ಪಂದ್ಯ. ನಿಗದಿತ ಅವಧಿಯಲ್ಲಿ ಆಟ 2-2ರಲ್ಲಿ ಸಮವಾಗಿ, ಹೆಚ್ಚುವರಿ ಸಮಯಕ್ಕೆ ಹೋಯಿತು. 101ನೇ ನಿಮಿಷದಲ್ಲಿ ಜೆಫ್ ಹರ್ಸ್ಟ್ ಒದ್ದ ಚೆಂಡು ಗೋಲಿನ ಮೇಲಿನ ಅಡ್ಡಪಟ್ಟಿಗೆ ಬಡಿದು, ಕೆಳಗೆ ಪುಟಿದು ಹೊರಗೆ ಬಂತು. ಸ್ವಿಟ್ಜರ್ಲೆಂಡಿನ ರೆಫರಿ ಗೊಟ್‌ಫ್ರೀಡ್ ಡೀನ್ಸ್ಟ್ ಅವರಿಗೆ ಸಂದೇಹ ಬಂತು. ಅವರು ಓಡಿಹೋಗಿ ಲೈನ್ಸ್‌ಮನ್ ತೋಫಿಕ್ ಬಹ್ರಾಮೋವ್ ಅವರನ್ನು ಕೇಳಿದರು. ಆಗಿನ ಸೋವಿಯತ್ ಒಕ್ಕೂಟದ ಅಜರ್ಬೈಜಾನಿನವರಾದ ಬಹ್ರಾಮೋವ್ ಗೋಲು ಎಂದರು. ಇಂಗ್ಲೆಂಡ್ ಕೊನೆಗೆ 4-2ರಿಂದ ಗೆದ್ದಿತು.

ಚೆಂಡಿನ ಪೂರ್ಣ ಭಾಗ ಗೆರೆಯ ಪೂರ್ಣ ಅಗಲವನ್ನು ದಾಟಿದರೆ ಮಾತ್ರ ಗೋಲು ಎಂಬುದು ನಿಯಮ. ಗೆರೆಯ ಮೇಲೆ ಚೆಂಡಿನ ಅಂಚು ಉಳಿದಿದ್ದರೂ ಗೋಲಿಲ್ಲ. 1990ರ ದಶಕದಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಹಳೆಯ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಅಳೆದು, ಅಂದು ಚೆಂಡು ಪೂರ್ತಿಯಾಗಿ ಗೆರೆ ದಾಟಿರಲಿಲ್ಲವೆಂದು ಹೇಳಿದರು. ಆದರೆ ತೀರ್ಪು ತೀರ್ಪಾಗಿಯೇ ಉಳಿಯಿತು. ಇಂದು ಬಾಕು ನಗರದ ಒಂದು ಕ್ರೀಡಾಂಗಣಕ್ಕೆ ಬಹ್ರಾಮೋವ್ ಅವರ ಹೆಸರಿದೆ. ಅವರು ಕಂಡದ್ದನ್ನು ಕಂಡಂತೆ ಹೇಳಿದರು. ಆ ಕಾಲದಲ್ಲಿ ರೆಫರಿಗೆ ಮನುಷ್ಯನ ಕಣ್ಣಿಗಿಂತ ಮಿಗಿಲಾದ ಸಾಕ್ಷಿ ಇರಲಿಲ್ಲ.

ಜಗತ್ತು ಕಂಡಿತು, ರೆಫರಿ ನೋಡುವಂತಿರಲಿಲ್ಲ

ಮುಂದಿನ ದಶಕಗಳಲ್ಲಿ ಟೆಲಿವಿಷನ್ ಬೆಳೆಯಿತು. ಮನೆಯಲ್ಲಿ ಕುಳಿತ ವೀಕ್ಷಕನಿಗೆ ಒಂದೇ ಘಟನೆಯನ್ನು ಹತ್ತು ಕೋನಗಳಿಂದ ನೋಡುವ ಸೌಲಭ್ಯ ಬಂತು. ಮೈದಾನದಲ್ಲಿ ಓಡುವ ರೆಫರಿಗೆ ಮಾತ್ರ ಒಂದೇ ಸಲ, ಒಂದೇ ಕೋನ. ಈ ವಿಪರ್ಯಾಸ 2010ರ ಜೂನ್ 27ರಂದು ಒಂದೇ ದಿನ ಎರಡು ಸಲ ಬಯಲಾಯಿತು.

ದಕ್ಷಿಣ ಆಫ್ರಿಕದ ಬ್ಲೂಮ್‌ಫೊಂಟೇನ್‌ನಲ್ಲಿ ಇಂಗ್ಲೆಂಡಿನ ಫ್ರಾಂಕ್ ಲ್ಯಾಂಪಾರ್ಡ್ ಒದ್ದ ಚೆಂಡು ಅಡ್ಡಪಟ್ಟಿಗೆ ತಾಗಿ ಗೆರೆಯ ಒಳಗೆ ಸ್ಪಷ್ಟವಾಗಿ ಬಿದ್ದು ಹೊರಬಂತು. ಉರುಗ್ವೆಯ ರೆಫರಿ ಹೋರ್ಹೆ ಲಾರಿಯೊಂಡಾ ಗೋಲು ಕೊಡಲಿಲ್ಲ. 2-2 ಆಗಬೇಕಿದ್ದ ಪಂದ್ಯ 2-1ರಲ್ಲಿ ಮುಂದುವರಿದು, ಜರ್ಮನಿ 4-1ರಿಂದ ಗೆದ್ದಿತು. ಅದೇ ದಿನ ಜೊಹಾನ್ಸ್‌ಬರ್ಗಿನಲ್ಲಿ ಅರ್ಜೆಂಟೀನಾದ ಕಾರ್ಲೋಸ್ ತೆವೆಜ್ ಮೆಕ್ಸಿಕೊ ವಿರುದ್ಧ ಆಫ್‌ಸೈಡ್ ಸ್ಥಾನದಿಂದ ಗೋಲು ಹೊಡೆದರು. ಆ ದೃಶ್ಯವನ್ನು ಕ್ರೀಡಾಂಗಣದ ದೊಡ್ಡ ಪರದೆಯಲ್ಲೇ ತೋರಿಸಲಾಯಿತು. ಮೆಕ್ಸಿಕೊದ ಆಟಗಾರರು ಪರದೆಯತ್ತ ಬೆರಳು ತೋರಿಸಿದರು. ಆದರೆ ಪರದೆ ನೋಡಿ ತೀರ್ಪು ಬದಲಿಸಲು ಆಗಿನ ನಿಯಮದಲ್ಲಿ ಅವಕಾಶವಿರಲಿಲ್ಲ. ಇಟಲಿಯ ರೆಫರಿ ರೊಬೆರ್ಟೊ ರೊಸೆಟ್ಟಿ ತಮ್ಮ ಸಹಾಯಕರೊಡನೆ ಮಾತಾಡಿ ಗೋಲನ್ನೇ ಎತ್ತಿಹಿಡಿದರು. ಮುಂದೆ 2018ರ ವಿಶ್ವಕಪ್ಪಿಗೆ ವಿಡಿಯೊ ರೆಫರಿ ಪದ್ಧತಿಯನ್ನು ಸಿದ್ಧಗೊಳಿಸಿದ ಯೋಜನೆಯ ಮುಂದಾಳುವಾದವರೂ ಇದೇ ರೊಸೆಟ್ಟಿ ಎಂಬುದು ಗಮನಾರ್ಹ.

ಯಂತ್ರ ಬೇಡವೆನ್ನುವವರೂ ಆಗ ಇದ್ದರು. ಯುರೋಪಿನ ಫುಟ್ಬಾಲ್ ಒಕ್ಕೂಟದ ಅಧ್ಯಕ್ಷರಾಗಿದ್ದ ಮಿಶೆಲ್ ಪ್ಲಾಟಿನಿ ಪ್ರತಿ ಗೋಲಿನ ಬಳಿ ಇನ್ನೊಬ್ಬ ಸಹಾಯಕನನ್ನು ನಿಲ್ಲಿಸಿದರೆ ಸಾಕು ಎಂದು ವಾದಿಸಿದರು. 2012ರ ಯುರೋ ಪಂದ್ಯಾವಳಿಯಲ್ಲಿ ಹಾಗೆಯೇ ಮಾಡಲಾಯಿತು. ಆದರೆ ಜೂನ್ 19ರಂದು ಡೊನೆಟ್‌ಸ್ಕ್‌ನಲ್ಲಿ ಉಕ್ರೇನಿನ ಮಾರ್ಕೊ ಡೆವಿಚ್ ಒದ್ದ ಚೆಂಡು ಗೆರೆ ದಾಟಿದ ಮೇಲೆ ಇಂಗ್ಲೆಂಡಿನ ಜಾನ್ ಟೆರ್ರಿ ಅದನ್ನು ಹೊರಗೆ ಒದ್ದರು. ಸಮೀಪದಲ್ಲೇ ನಿಂತಿದ್ದ ಹೆಚ್ಚುವರಿ ಸಹಾಯಕನಿಗೂ ಅದು ಕಾಣಲಿಲ್ಲ.

ಈ ಘಟನೆಯಲ್ಲಿ ಇನ್ನೊಂದು ಸೂಕ್ಷ್ಮವಿದೆ. ಗೋಲಿಗೆ ಮುನ್ನ ಉಕ್ರೇನಿನ ಒಬ್ಬ ಆಟಗಾರ ಆಫ್‌ಸೈಡ್ ಆಗಿದ್ದ. ಅದೂ ಯಾರ ಕಣ್ಣಿಗೂ ಬೀಳಲಿಲ್ಲ. ಅಂದು ಗೆರೆ ಕಾಯುವ ಯಂತ್ರ ಇದ್ದಿದ್ದರೆ ಗೋಲು ಎಂದು ಸರಿಯಾಗಿಯೇ ಹೇಳುತ್ತಿತ್ತು. ಆದರೂ ತೀರ್ಪು ನ್ಯಾಯವಾಗುತ್ತಿರಲಿಲ್ಲ. ಯಂತ್ರ ತನ್ನನ್ನು ಕೇಳಿದ ಪ್ರಶ್ನೆಗೆ ಮಾತ್ರ ಉತ್ತರಿಸುತ್ತದೆ. ಈ ಮಾತನ್ನು ನೆನಪಿಟ್ಟುಕೊಳ್ಳಿ.

ಎರಡು ಸಾಧನಗಳು, ಎರಡು ಸ್ವಭಾವಗಳು

ಆಟದ ನಿಯಮಗಳನ್ನು ರೂಪಿಸುವ ಅಂತರರಾಷ್ಟ್ರೀಯ ಮಂಡಳಿ 2012ರ ಜುಲೈ 5ರಂದು ಗೋಲ್‌ಲೈನ್ ತಂತ್ರಜ್ಞಾನಕ್ಕೆ ಒಪ್ಪಿಗೆ ಕೊಟ್ಟಿತು. ಅದೇ ಡಿಸೆಂಬರಿನಲ್ಲಿ ಜಪಾನಿನಲ್ಲಿ ನಡೆದ ಕ್ಲಬ್ ವಿಶ್ವಕಪ್ಪಿನಲ್ಲಿ ಅದರ ಬಳಕೆಯಾಯಿತು. 2013-14ರ ಋತುವಿನಿಂದ ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಹಾಕ್-ಐ ಸಂಸ್ಥೆಯ ವ್ಯವಸ್ಥೆಯನ್ನು ಅಳವಡಿಸಿಕೊಂಡಿತು. ಪ್ರತಿ ಗೋಲಿಗೆ ಏಳು ಕ್ಯಾಮರಾಗಳು. ಅವು ಚೆಂಡನ್ನು ಬೇರೆ ಬೇರೆ ದಿಕ್ಕಿನಿಂದ ಹಿಂಬಾಲಿಸುತ್ತವೆ. ಆ ಚಿತ್ರಗಳಿಂದ ಕಂಪ್ಯೂಟರು ಚೆಂಡಿನ ಸ್ಥಾನವನ್ನು ಲೆಕ್ಕಹಾಕುತ್ತದೆ. ಚೆಂಡು ಪೂರ್ತಿ ದಾಟಿದರೆ ಒಂದು ಸೆಕೆಂಡಿನೊಳಗೆ ರೆಫರಿಯ ಕೈಗಡಿಯಾರ ಕಂಪಿಸಿ ಗೋಲು ಎಂಬ ಸೂಚನೆ ತೋರಿಸುತ್ತದೆ. ನಡುವೆ ಯಾವ ಮನುಷ್ಯನೂ ಇಲ್ಲ.

ವಿಡಿಯೊ ಸಹಾಯಕ ರೆಫರಿ, ಅಂದರೆ ವಿಎಆರ್, ಬೇರೆಯೇ ಬಗೆ. ನೆದರ್ಲೆಂಡ್ಸಿನಲ್ಲಿ ಆರಂಭವಾದ ಪ್ರಯೋಗಗಳ ನಂತರ 2018ರ ಮಾರ್ಚಿನಲ್ಲಿ ಅದು ನಿಯಮಪುಸ್ತಕಕ್ಕೆ ಸೇರಿತು. ಇಲ್ಲಿ ತೀರ್ಪಿಗೆ ನೆರವಾಗುವವರು ಪರದೆಗಳ ಮುಂದೆ ಕುಳಿತ ತರಬೇತಾದ ರೆಫರಿಗಳು. ಗೋಲು, ಪೆನಾಲ್ಟಿ, ನೇರ ರೆಡ್ ಕಾರ್ಡ್, ಆಟಗಾರನ ಗುರುತಿನಲ್ಲಾದ ತಪ್ಪು ಎಂಬ ನಾಲ್ಕು ವಿಷಯಗಳಲ್ಲಿ ಸ್ಪಷ್ಟವಾದ ತಪ್ಪು ಕಂಡರೆ ಮಾತ್ರ ಅವರು ಮಧ್ಯೆ ಬರಬಹುದು ಎಂಬುದು 2018ರ ಆ ನಿಯಮವಾಗಿತ್ತು. ಕೊನೆಯ ಮಾತು ಮೈದಾನದ ರೆಫರಿಯದೇ.

2018ರ ಜೂನ್ 16ರಂದು ರಷ್ಯದ ಕಜಾನ್‌ನಲ್ಲಿ ಫ್ರಾನ್ಸ್ ಮತ್ತು ಆಸ್ಟ್ರೇಲಿಯ ಆಡಿದ ಪಂದ್ಯದಲ್ಲಿ ಈ ಎರಡು ಸಾಧನಗಳೂ ಕೈಜೋಡಿಸಿದವು. ವಿಡಿಯೊ ನೋಡಿ ಫ್ರಾನ್ಸಿಗೆ ಪೆನಾಲ್ಟಿ ಸಿಕ್ಕಿತು. ವಿಶ್ವಕಪ್ ಇತಿಹಾಸದಲ್ಲಿ ವಿಎಆರ್ ಮೂಲಕ ದೊರೆತ ಮೊದಲ ಪೆನಾಲ್ಟಿ ಅದು. ಫ್ರಾನ್ಸಿನ ಎರಡನೆಯ ಗೋಲಿನಲ್ಲಿ ಅಡ್ಡಪಟ್ಟಿಗೆ ತಾಗಿ ಬಿದ್ದ ಚೆಂಡು ಗೆರೆ ದಾಟಿತೆಂದು ಯಂತ್ರ ತಿಳಿಸಿತು. ಇನ್ನು ಮುಂದೆ 1966ರ ಜಗಳ ಇಲ್ಲವೆಂದು ಎಲ್ಲರೂ ನಂಬಿದರು.

2020ರ ಜೂನ್ 17

ಕೊರೊನಾದಿಂದ ನೂರು ದಿನ ನಿಂತಿದ್ದ ಪ್ರೀಮಿಯರ್ ಲೀಗ್ ಮತ್ತೆ ಆರಂಭವಾದ ಮೊದಲ ಪಂದ್ಯ. ಬರ್ಮಿಂಗ್‌ಹ್ಯಾಮಿನ ವಿಲ್ಲಾ ಪಾರ್ಕಿನಲ್ಲಿ ಆಸ್ಟನ್ ವಿಲ್ಲಾ ಮತ್ತು ಶೆಫೀಲ್ಡ್ ಯುನೈಟೆಡ್ ಎದುರಾದವು. ಗ್ಯಾಲರಿಗಳಲ್ಲಿ ಪ್ರೇಕ್ಷಕರಿಲ್ಲ. ಮೊದಲಾರ್ಧ ಮುಗಿಯುವ ಹೊತ್ತಿಗೆ ಶೆಫೀಲ್ಡಿನ ಆಲಿವರ್ ನಾರ್‌ವುಡ್ ಒಂದು ಫ್ರೀ ಕಿಕ್ ಒದ್ದರು. ವಿಲ್ಲಾದ ಗೋಲ್ ಕೀಪರ್ ಒರ್ಯಾನ್ ನೀಲಾಂಡ್ ಚೆಂಡನ್ನು ಹಿಡಿದರು. ಆದರೆ ತಮ್ಮದೇ ಆಟಗಾರನಿಗೆ ಢಿಕ್ಕಿಯಾಗಿ, ಚೆಂಡಿನ ಸಮೇತ ಹಿಂದಕ್ಕೆ ಗೋಲಿನೊಳಗೆ ಸರಿದರು. ಟಿವಿ ನೋಡುತ್ತಿದ್ದವರಿಗೆ ಸಂಶಯವೇ ಇರಲಿಲ್ಲ.

ಶೆಫೀಲ್ಡಿನ ಆಟಗಾರರು ಕೈ ಎತ್ತಿದರು. ರೆಫರಿ ಮೈಕಲ್ ಆಲಿವರ್ ತಮ್ಮ ಕೈಗಡಿಯಾರದತ್ತ ಬೆರಳು ತೋರಿಸಿದರು. ಗಡಿಯಾರ ಕಂಪಿಸಿರಲಿಲ್ಲ, ಆದ್ದರಿಂದ ಗೋಲಿಲ್ಲ. ವಿಎಆರ್ ಕೋಣೆಯಲ್ಲಿದ್ದವರೂ ಮಾತಾಡಲಿಲ್ಲ. ಪಂದ್ಯ 0-0ರಲ್ಲಿ ಮುಗಿಯಿತು.

ಅಂದೇ ಹಾಕ್-ಐ ಸಂಸ್ಥೆ ಕ್ಷಮೆ ಕೇಳಿತು. ಗೋಲ್ ಕೀಪರ್, ಡಿಫೆಂಡರ್ ಮತ್ತು ಗೋಲಿನ ಕಂಬ ಇವು ಅಡ್ಡಬಂದು, ಏಳೂ ಕ್ಯಾಮರಾಗಳಿಗೆ ಚೆಂಡು ಸರಿಯಾಗಿ ಕಾಣಲಿಲ್ಲ. 9,000ಕ್ಕೂ ಹೆಚ್ಚು ಪಂದ್ಯಗಳಲ್ಲಿ ಹೀಗಾದದ್ದು ಇದೇ ಮೊದಲು ಎಂಬುದು ಅದರ ವಿವರಣೆ. ರೆಫರಿಗಳ ಸಂಸ್ಥೆಯ ಹೇಳಿಕೆಯೂ ಬಂತು. ನಿಯಮದ ಪ್ರಕಾರ ವಿಎಆರ್ ಗೋಲಿನ ಸಂದರ್ಭವನ್ನು ಪರಿಶೀಲಿಸಬಹುದಿತ್ತು. ಆದರೆ ಮೈದಾನದಲ್ಲಿದ್ದವರಿಗೆ ಸೂಚನೆ ಬಾರದಿದ್ದುದರಿಂದ ಮತ್ತು ಸಂದರ್ಭ ವಿಶಿಷ್ಟವಾಗಿದ್ದುದರಿಂದ ಮಧ್ಯಪ್ರವೇಶಿಸಲಿಲ್ಲ ಎಂಬುದು ಅದರ ಸಾರಾಂಶ.

ಓದುಗರೇ, ಇಲ್ಲಿ ಸ್ವಲ್ಪ ನಿಲ್ಲೋಣ. ಯಂತ್ರ ಅಂದು ಗೋಲಲ್ಲ ಎಂದು ಹೇಳಿರಲಿಲ್ಲ. ಅದಕ್ಕೆ ಚೆಂಡೇ ಕಾಣದೆ ಅದು ಸುಮ್ಮನಿತ್ತು. ಆ ಮೌನವನ್ನು ಗೋಲಿಲ್ಲ ಎಂಬ ಸಾಕ್ಷ್ಯವಾಗಿ ಓದಿದವರು ಮನುಷ್ಯರು. ಏಳು ವರ್ಷ ತಪ್ಪದ ಯಂತ್ರ ಅವರಲ್ಲಿ ಅಷ್ಟು ನಂಬಿಕೆ ಹುಟ್ಟಿಸಿತ್ತು. ಮರುಪರಿಶೀಲನೆಗೆಂದೇ ಕುಳಿತವರ ಮುಂದೆ ದೃಶ್ಯವಿದ್ದರೂ, ಯಂತ್ರದ ಕೆಲಸ ಯಂತ್ರಕ್ಕೆ ಸೇರಿದ್ದು ಎಂಬ ಭಾವನೆ ಅವರ ಬಾಯಿ ಕಟ್ಟಿತು.

ಇದರ ಬೆಲೆ ಏನು? ಜುಲೈ 26ರಂದು ಲೀಗ್ ಮುಗಿದಾಗ ಆಸ್ಟನ್ ವಿಲ್ಲಾದ ಬಳಿ 35 ಅಂಕಗಳಿದ್ದವು, ಬೋರ್ನ್‌ಮತ್ ಕ್ಲಬ್ಬಿನ ಬಳಿ 34. ವಿಲ್ಲಾ ಉಳಿಯಿತು, ಐದು ವರ್ಷ ಅಗ್ರ ದರ್ಜೆಯಲ್ಲಿ ಆಡಿದ್ದ ಬೋರ್ನ್‌ಮತ್ ಕೆಳದರ್ಜೆಗೆ ಇಳಿಯಿತು. ಗೋಲುಗಳ ಅಂತರದಲ್ಲಿ ಬೋರ್ನ್‌ಮತ್ ಒಂದು ಗೋಲಿನಷ್ಟು ಮುಂದಿತ್ತು. ಅಂದರೆ, ವಿಲ್ಲಾ ಆ ಒಂದು ಅಂಕ ಪಡೆಯದಿದ್ದರೆ ಉಳಿಯುತ್ತಿದ್ದುದು ಬೋರ್ನ್‌ಮತ್. ಗೋಲು ಕೊಟ್ಟಿದ್ದರೂ ಆಟ ಇನ್ನೂ ಅರ್ಧ ಬಾಕಿಯಿತ್ತು, ವಿಲ್ಲಾ ತಿರುಗಿ ಹೊಡೆಯಬಹುದಿತ್ತು ಎಂಬುದನ್ನೂ ನ್ಯಾಯವಾಗಿ ಹೇಳಬೇಕು. ಆದರೆ ಕೆಳದರ್ಜೆಗೆ ಇಳಿದ ಕ್ಲಬ್ಬಿನ ಆದಾಯ ಕುಸಿಯುತ್ತದೆ, ಆಟಗಾರರು ಬಿಟ್ಟುಹೋಗುತ್ತಾರೆ. ಅಂದಿನ ಪಂದ್ಯದಲ್ಲಿ ಆಡಿಯೇ ಇರದ ಒಂದು ಊರಿನ ತಂಡಕ್ಕೆ ಆ ಮೌನ ತಟ್ಟಿತು.

ಅದು ಕೊನೆಯದೂ ಆಗಲಿಲ್ಲ. 2022ರ ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿನ ಎರಡನೆಯ ದರ್ಜೆಯ ಪಂದ್ಯವೊಂದರಲ್ಲಿ ಬ್ಲ್ಯಾಕ್‌ಪೂಲ್ ವಿರುದ್ಧ ಹಡರ್ಸ್‌ಫೀಲ್ಡ್ ತಂಡದ ಯೂತಾ ನಾಕಾಯಾಮಾ ಒದ್ದ ಚೆಂಡನ್ನೂ ಇದೇ ಬಗೆಯ ಯಂತ್ರ ಗುರುತಿಸಲಿಲ್ಲ. ಆ ದರ್ಜೆಯಲ್ಲಿ ವಿಎಆರ್ ಕೂಡ ಇರಲಿಲ್ಲ. ಹಡರ್ಸ್‌ಫೀಲ್ಡ್ 0-1ರಿಂದ ಸೋತಿತು. ಮತ್ತೆ ಕ್ಷಮಾಪಣೆ ಬಂತು.

ಆಫ್‌ಸೈಡಿನ ಲೆಕ್ಕ

ಗೆರೆಯ ಪ್ರಶ್ನೆಗಿಂತ ಆಫ್‌ಸೈಡಿನ ಪ್ರಶ್ನೆ ಕಠಿಣ. ಚೆಂಡು ಒದ್ದ ಕ್ಷಣದಲ್ಲಿ ಆಟಗಾರ ಎಲ್ಲಿದ್ದ ಎಂದು ಹೇಳಬೇಕಾದರೆ ಮೊದಲು ಆ ಕ್ಷಣವನ್ನೇ ಹಿಡಿಯಬೇಕು. ಗಣಿತ ಓದುವ ವಿದ್ಯಾರ್ಥಿಗಳು ಒಂದು ಲೆಕ್ಕ ಮಾಡಿ ನೋಡಿ. ಟಿವಿ ಕ್ಯಾಮರಾ ಸೆಕೆಂಡಿಗೆ 50 ಚಿತ್ರ ತೆಗೆಯುತ್ತದೆ ಎನ್ನೋಣ. ಸೆಕೆಂಡಿಗೆ 8 ಮೀಟರ್ ಓಡುವ ಆಟಗಾರ ಒಂದು ಚಿತ್ರದಿಂದ ಮುಂದಿನ ಚಿತ್ರಕ್ಕೆ 16 ಸೆಂಟಿಮೀಟರ್ ಸರಿದಿರುತ್ತಾನೆ. ವಿಎಆರ್ ಪರದೆಯ ಮೇಲೆ ಎಳೆದ ಗೆರೆ ಎಷ್ಟೇ ತೆಳುವಾಗಿದ್ದರೂ, ಯಾವ ಚಿತ್ರವನ್ನು ಆರಿಸಿದರು ಎಂಬುದರ ಮೇಲೆ ಉತ್ತರ ಬದಲಾಗಬಹುದು.

ಇದಕ್ಕಾಗಿ 2022ರ ಕತಾರ್ ವಿಶ್ವಕಪ್ಪಿನಲ್ಲಿ ಅರೆ-ಸ್ವಯಂಚಾಲಿತ ಆಫ್‌ಸೈಡ್ ವ್ಯವಸ್ಥೆ ಬಂತು. ಮೇಲ್ಛಾವಣಿಯ ಕೆಳಗಿನ 12 ಕ್ಯಾಮರಾಗಳು ಪ್ರತಿ ಆಟಗಾರನ ದೇಹದ 29 ಬಿಂದುಗಳನ್ನು ಸೆಕೆಂಡಿಗೆ 50 ಸಲ ಅಳೆದವು. ಚೆಂಡಿನೊಳಗಿನ ಸೆನ್ಸರ್ ಸೆಕೆಂಡಿಗೆ 500 ಸಲ ಮಾಹಿತಿ ಕಳುಹಿಸಿ, ಒದ್ದ ಕ್ಷಣವನ್ನು ಹಿಡಿಯಿತು. ಉದ್ಘಾಟನಾ ಪಂದ್ಯದ ಮೂರನೆಯ ನಿಮಿಷದಲ್ಲೇ ಈಕ್ವೆಡಾರಿನ ಎನ್ನರ್ ವಲೆನ್ಸಿಯಾ ಹೊಡೆದ ಗೋಲು ಇದರಿಂದ ರದ್ದಾಯಿತು. ಹೆಸರಿನಲ್ಲೇ ಇರುವ 'ಅರೆ' ಎಂಬ ಮಾತನ್ನು ಗಮನಿಸಿ. ಯಂತ್ರ ಎಚ್ಚರಿಕೆ ಕೊಡುತ್ತದೆ, ವಿಡಿಯೊ ರೆಫರಿ ಅದನ್ನು ಪರೀಕ್ಷಿಸಿದ ಮೇಲೆಯೇ ಮೈದಾನಕ್ಕೆ ತಿಳಿಸುತ್ತಾನೆ. ವಿಲ್ಲಾ ಪಾರ್ಕಿನಲ್ಲಿ ಇಲ್ಲದಿದ್ದ ಕೊಂಡಿ ಇದೇ.

ಆ ಕೊಂಡಿಯ ಅಗತ್ಯ 2025ರ ಮಾರ್ಚ್ 1ರಂದು ಕಂಡಿತು. ಇಂಗ್ಲೆಂಡಿನ ಎಫ್‌ಎ ಕಪ್ಪಿನಲ್ಲಿ ಬೋರ್ನ್‌ಮತ್ ಮತ್ತು ವುಲ್ವ್ಸ್ ಆಡುತ್ತಿದ್ದವು. ಗೋಲಿನ ಮುಂದೆ ಆಟಗಾರರು ಗುಂಪಾಗಿ ಸೇರಿದ್ದರಿಂದ ಯಂತ್ರಕ್ಕೆ ಅವರನ್ನು ಬೇರೆಬೇರೆಯಾಗಿ ಗುರುತಿಸಲಾಗಲಿಲ್ಲ. ವಿಡಿಯೊ ರೆಫರಿ ಹಳೆಯ ಪದ್ಧತಿಯಂತೆ ಕೈಯಿಂದ ಗೆರೆ ಎಳೆಯಬೇಕಾಯಿತು. ಸುಮಾರು ಎಂಟು ನಿಮಿಷ ಆಟ ನಿಂತು, ಕೊನೆಗೆ ಬೋರ್ನ್‌ಮತ್ ತಂಡದ ಗೋಲು ರದ್ದಾಯಿತು. ಜನ ಬೇಸತ್ತರು ನಿಜ. ಆದರೆ ಈ ಸಲ ಯಂತ್ರಕ್ಕೆ ಕಾಣದಿದ್ದಾಗ ಮನುಷ್ಯ ಸುಮ್ಮನೆ ಕೂರಲಿಲ್ಲ. ಎಂಟು ನಿಮಿಷದ ತಡ ದೊಡ್ಡದೋ, ವಿಲ್ಲಾ ಪಾರ್ಕಿನ ಮೌನ ದೊಡ್ಡದೋ, ನೀವೇ ತೂಗಿ ನೋಡಿ.

ಹಾಗೆಂದು ಮನುಷ್ಯನ ಕಣ್ಣೊಂದೇ ಸಾಕೆಂದೂ ಅಲ್ಲ. ಸ್ಪೇನಿನ ಲಾ ಲಿಗಾ ಖರ್ಚಿನ ಕಾರಣಕ್ಕೆ ಗೋಲ್‌ಲೈನ್ ಯಂತ್ರವನ್ನು ತರಲಿಲ್ಲ. 2024ರ ಏಪ್ರಿಲ್ 21ರಂದು ರಿಯಲ್ ಮ್ಯಾಡ್ರಿಡ್ ವಿರುದ್ಧ ಬಾರ್ಸಿಲೋನಾದ ಲಮೀನ್ ಯಮಾಲ್ ಮುಟ್ಟಿದ ಚೆಂಡು ಗೆರೆ ದಾಟಿತೇ ಎಂದು ವಿಎಆರ್ ಎಷ್ಟು ನೋಡಿದರೂ ಖಚಿತವಾಗಲಿಲ್ಲ. ಯಾವ ಕೋನವೂ ಸ್ಪಷ್ಟವಿರಲಿಲ್ಲ. ಬಾರ್ಸಿಲೋನಾ 2-3ರಿಂದ ಸೋತಿತು. ಅಲ್ಲಿ ಮನುಷ್ಯರಿದ್ದರು, ಯಂತ್ರವಿರಲಿಲ್ಲ.

ಕ್ರಿಕೆಟ್ ಕಲಿಸಿದ ಪಾಠ

ಈ ಪ್ರಶ್ನೆ ನಮ್ಮ ನಾಡಿಗೆ ಹೊಸದಲ್ಲ. ಕ್ರಿಕೆಟ್ಟಿನಲ್ಲಿ ಅಂಪೈರಿನ ತೀರ್ಪನ್ನು ಪ್ರಶ್ನಿಸುವ ಪದ್ಧತಿಯನ್ನು ಮೊದಲು ಪ್ರಯೋಗಿಸಿದ್ದು 2008ರ ಭಾರತ-ಶ್ರೀಲಂಕಾ ಟೆಸ್ಟ್ ಸರಣಿಯಲ್ಲಿ. ಆಗ ಭಾರತದ ನಾಯಕರಾಗಿದ್ದವರು ನಮ್ಮ ಬೆಂಗಳೂರಿನ ಅನಿಲ್ ಕುಂಬ್ಳೆ. ಆ ಸರಣಿಯ ಅನುಭವದ ನಂತರ ಭಾರತ ಹಲವು ವರ್ಷ ಈ ಪದ್ಧತಿಯನ್ನು ಪೂರ್ತಿಯಾಗಿ ಒಪ್ಪಲಿಲ್ಲ; ತವರಿನ ಟೆಸ್ಟ್ ಸರಣಿಯಲ್ಲಿ ಅದು ಬಂದದ್ದು 2016ರಲ್ಲಿ, ಕುಂಬ್ಳೆ ತರಬೇತುದಾರರಾಗಿದ್ದಾಗ.

ಎಲ್‌ಬಿಡಬ್ಲ್ಯೂ ತೀರ್ಪಿನಲ್ಲಿ ಚೆಂಡು ವಿಕೆಟ್ಟಿಗೆ ತಾಗುತ್ತಿತ್ತೇ ಎಂದು ಯಂತ್ರ ಊಹಿಸಿ ತೋರಿಸುತ್ತದೆ. ಚೆಂಡಿನ ಅರ್ಧಕ್ಕಿಂತ ಕಡಿಮೆ ಭಾಗ ತಾಗುವಂತೆ ಕಂಡರೆ ಅಂಪೈರ್ ಮೊದಲು ಕೊಟ್ಟ ತೀರ್ಪೇ ಉಳಿಯುತ್ತದೆ. ಇದನ್ನೇ 'ಅಂಪೈರ್ಸ್ ಕಾಲ್' ಎನ್ನುವುದು. ಅನೇಕರಿಗೆ ಇದು ಅಸಂಬದ್ಧವಾಗಿ ಕಾಣುತ್ತದೆ. ಆದರೂ ಕುಂಬ್ಳೆ ಅಧ್ಯಕ್ಷತೆಯ ಅಂತರರಾಷ್ಟ್ರೀಯ ಕ್ರಿಕೆಟ್ ಸಮಿತಿಯ ಶಿಫಾರಸಿನಂತೆ 2021ರಲ್ಲಿ ಈ ನಿಯಮವನ್ನು ಉಳಿಸಿಕೊಳ್ಳಲಾಯಿತು. ಇದರ ಗುಣ ಇಷ್ಟೇ: ಯಂತ್ರಕ್ಕೂ ಮನುಷ್ಯನಿಗೂ ಭಿನ್ನಾಭಿಪ್ರಾಯ ಬಂದರೆ ಏನು ಮಾಡಬೇಕೆಂದು ಪಂದ್ಯಕ್ಕೆ ಮೊದಲೇ ಬರೆದಿಡಲಾಗಿದೆ. ಯಂತ್ರ ಎಲ್ಲಿಯವರೆಗೆ ಖಚಿತ ಎಂಬುದನ್ನೂ ನಿಯಮ ಒಪ್ಪಿಕೊಂಡಿದೆ. ವಿಲ್ಲಾ ಪಾರ್ಕಿನಲ್ಲಿ ಇಲ್ಲದೆ ಹೋದದ್ದು ಇದು.

ಯಂತ್ರಕ್ಕೆ ಸಂಬಂಧವೇ ಇಲ್ಲದ ಪ್ರಶ್ನೆಗಳೂ ಇವೆ. 2023ರ ಮಾರ್ಚ್ 3ರಂದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಸುನಿಲ್ ಛೆಟ್ರಿ ಕೇರಳ ಬ್ಲಾಸ್ಟರ್ಸ್ ವಿರುದ್ಧ ಹೆಚ್ಚುವರಿ ಸಮಯದಲ್ಲಿ ಅವಸರದ ಫ್ರೀ ಕಿಕ್ ಒದ್ದು ಗೋಲು ಹೊಡೆದರು. ಎದುರಾಳಿಗಳು ಇನ್ನೂ ಸಿದ್ಧವಾಗಿರಲಿಲ್ಲ. ರೆಫರಿ ಗೋಲನ್ನು ಒಪ್ಪಿದರು. ಕೇರಳ ತಂಡ ಮೈದಾನ ಬಿಟ್ಟು ಹೊರನಡೆಯಿತು, ಮುಂದೆ 4 ಕೋಟಿ ರೂಪಾಯಿ ದಂಡ ತೆರಬೇಕಾಯಿತು. ಆ ಲೀಗಿನಲ್ಲಿ ವಿಎಆರ್ ಇರಲಿಲ್ಲ. ಆದರೆ ಚೆಂಡು ಗೆರೆ ದಾಟಿದ್ದರ ಬಗ್ಗೆ ಅಲ್ಲಿ ಯಾರಿಗೂ ತಕರಾರಿರಲಿಲ್ಲ. ಹಾಗೆ ಒದೆಯುವುದು ಸರಿಯೇ ಎಂಬುದೇ ಪ್ರಶ್ನೆ. ಅದಕ್ಕೆ ಎಷ್ಟು ಕ್ಯಾಮರಾ ಇಟ್ಟರೂ ಉತ್ತರ ಸಿಗುವುದಿಲ್ಲ; ರೆಫರಿಯೇ ಹೇಳಬೇಕು.

ಕೊನೆಯ ಮಾತು

ವಿದ್ಯಾರ್ಥಿ ಮಿತ್ರರೇ, ನಿಮ್ಮಲ್ಲಿ ಕೆಲವರು ಮುಂದೆ ಇಂಜಿನಿಯರುಗಳಾಗುತ್ತೀರಿ, ಕೆಲವರು ವೈದ್ಯರು, ವಕೀಲರು, ಶಿಕ್ಷಕರು, ಅಧಿಕಾರಿಗಳು. ರಕ್ತಪರೀಕ್ಷೆಯ ವರದಿ, ಬ್ಯಾಂಕಿನ ಸಾಲದ ಅರ್ಜಿ, ಪರೀಕ್ಷೆಯ ಅಂಕಪಟ್ಟಿ, ಪಡಿತರದ ಬೆರಳಚ್ಚು ಎಲ್ಲವೂ ಯಂತ್ರದ ಮೂಲಕವೇ ನಿಮ್ಮ ಮೇಜಿಗೆ ಬರುತ್ತವೆ. ಬಹುಪಾಲು ಸಲ ಯಂತ್ರ ಸರಿಯಾಗಿಯೇ ಇರುತ್ತದೆ, ಮನುಷ್ಯನಿಗಿಂತ ಸರಿಯಾಗಿರುತ್ತದೆ. ಅದನ್ನು ದೂರಮಾಡಿ ಹಳೆಯ ಕಾಲಕ್ಕೆ ಹೋಗಬೇಕೆಂದು ಯಾರೂ ಹೇಳಲಾರರು. 1966ರಿಂದ 2012ರವರೆಗಿನ ಚರಿತ್ರೆಯನ್ನು ಓದಿದ ನೀವಂತೂ ಹೇಳಲಾರಿರಿ.

ಆದರೆ ಎಂದೋ ಒಂದು ದಿನ ನಿಮ್ಮ ಮುಂದೆ ಒಬ್ಬ ಮನುಷ್ಯ ನಿಂತು, ತನಗೆ ಅನ್ಯಾಯವಾಗಿದೆ ಎಂದು ಕೈ ಎತ್ತುತ್ತಾನೆ. ಯಂತ್ರದಲ್ಲಿ ಏನೂ ತೋರಿಸುತ್ತಿಲ್ಲ ಎಂದು ಹೇಳಿ ಕಳುಹಿಸುವುದು ಆಗ ಬಹಳ ಸುಲಭ. ಆ ಹೊತ್ತಿಗೆ ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳಿ. ಯಂತ್ರ ನಿಜವಾಗಿಯೂ ಇಲ್ಲ ಎಂದಿತೇ, ಅಥವಾ ಅದಕ್ಕೆ ಕಾಣಿಸಲೇ ಇಲ್ಲವೇ? ಮತ್ತೊಮ್ಮೆ ನೋಡುವ ಅಧಿಕಾರ ನನ್ನಲ್ಲಿದ್ದರೆ, ನಾನೇಕೆ ನೋಡಲಿಲ್ಲ? ವಿಲ್ಲಾ ಪಾರ್ಕಿನಲ್ಲಿ ವಿಡಿಯೊ ಕೋಣೆಯಲ್ಲಿದ್ದವರು ಈ ಎರಡನೆಯ ಪ್ರಶ್ನೆಯನ್ನು ಅರ್ಧ ನಿಮಿಷ ಕೇಳಿಕೊಂಡಿದ್ದರೆ ಸಾಕಿತ್ತು.